ತಿಮ್ಮಯ್ಯನವರ ಜಯಂತಿಗೆ ಹಾರದ ಜೊತೆ ನಕ್ಷೆಯೂ ಇರಲಿ

ಸಂಪಾದಕರಿಗೆ,

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜಯಂತಿ ಬಂದರೆ ಪ್ರತಿಮೆಗೆ ಹಾರ ಬೀಳುತ್ತದೆ, ‘ವೀರ ಸೇನಾನಿ’ ಎಂಬ ಮಾತು ಹತ್ತಾರು ಬಾರಿ ಕೇಳುತ್ತದೆ. ಅವರು ಮಾಡಿದ್ದೇನು, ಹೇಗೆ ಮಾಡಿದರು ಎನ್ನುವಲ್ಲಿಗೆ ಬರುವ ಹೊತ್ತಿಗೆ ಭಾಷಣಕಾರರ ಸಮಯ ಮುಗಿದಿರುತ್ತದೆ. ಹೆಚ್ಚೆಂದರೆ ‘ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದರು’ ಎಂಬ ಒಂದು ಸಾಲು. ಆ ಸಾಲನ್ನು ಬಿಡಿಸಿ ಹೇಳಿದರೆ ಬೇರೆ ಹೊಗಳಿಕೆಯೇ ಬೇಡ.

ಪಾಕಿಸ್ತಾನದೊಂದಿಗಿನ ಮೊದಲ ಕಾಶ್ಮೀರ ಯುದ್ಧದಲ್ಲಿ, 1948ರ ಮೇ ಮತ್ತು ಜೂನ್‌ನಲ್ಲಿ, ಕಾರ್ಗಿಲ್, ದ್ರಾಸ್ ಎರಡೂ ಕೈತಪ್ಪಿದ್ದವು. ಶ್ರೀನಗರದಿಂದ ಲೇಹ್‌ಗೆ ನೆಲದ ದಾರಿ ಕಡಿದುಹೋಗಿತ್ತು. ಅದೇ ಹೊತ್ತಿನಲ್ಲಿ, ಮೇ 24ರಂದು, ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಲೇಹ್‌ನ ಮಣ್ಣಿನ ಪಟ್ಟಿಯ ಮೇಲೆ ಮೊದಲ ಬಾರಿಗೆ ಇಳಿಸಿದಾಗ ಶ್ರೀನಗರ ಡಿವಿಷನ್ನಿನ ದಂಡನಾಯಕರಾಗಿದ್ದ ತಿಮ್ಮಯ್ಯ ಅದೇ ವಿಮಾನದಲ್ಲಿದ್ದರು. ಆದರೆ ಡಕೋಟಾ ಹೊತ್ತು ತರುವುದು ಎಷ್ಟು? ಇಡೀ ಚಳಿಗಾಲ ಲೇಹ್ ಉಳಿಯಬೇಕಾದರೆ ಆ ದಾರಿಯ ಎತ್ತರದ ಘಾಟಿ ಜೋಜಿಲಾವನ್ನು ಹಿಮ ಬಿದ್ದು ಮುಚ್ಚುವ ಮೊದಲೇ ತೆರೆಯಬೇಕಿತ್ತು.

ಸೆಪ್ಟೆಂಬರ್‌ನಲ್ಲಿ 77 ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿಗಳು ವಿಫಲವಾದವು. ಧೈರ್ಯ ಸಾಲದೆ ಅಲ್ಲ. ಸುಮಾರು 11,500 ಅಡಿ ಎತ್ತರದ ಆ ಇಕ್ಕಟ್ಟು ದಾರಿ ದಾಟಿದರೆ ಗುಮ್ರಿ ಎಂಬ ಬಟ್ಟಲಿನಂಥ ಬಯಲು ಸಿಗುತ್ತದೆ. ಅದರ ಸುತ್ತಲಿನ ಬಂಡೆಗಳ ಪೊಟರೆಗಳಲ್ಲಿ ಶತ್ರುವಿನ ಮೆಷಿನ್‌ಗನ್‌ಗಳಿದ್ದವು. ಹಿಂದಿನಿಂದ ಹಾರಿಸಿದ ಫಿರಂಗಿ ಗುಂಡು ಬಾಗಿ ಬಂದು ಮೇಲಿನಿಂದ ಬೀಳುತ್ತದೆ. ಪೊಟರೆಯ ಒಳಗೆ ಕೂತವನಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಪೊಟರೆಯ ಬಾಯಿಗೇ ನೇರ ಗುರಿಯಿಟ್ಟು ಹೊಡೆಯುವ ತೋಪು ಬೇಕು, ಅದನ್ನು ಹತ್ತಿರ ಒಯ್ಯುವವರಿಗೆ ಉಕ್ಕಿನ ಮರೆಯೂ ಬೇಕು. ಎರಡೂ ಇರುವುದು ಟ್ಯಾಂಕಿನಲ್ಲಿ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದೆಂದು ಎದುರಾಳಿ ಊಹಿಸಿರಲಿಲ್ಲ, ಹಾಗಾಗಿ ಅದನ್ನು ತಡೆಯುವ ಆಯುಧದ ಏರ್ಪಾಡೂ ಅಲ್ಲಿರಲಿಲ್ಲ.

ಆಯ್ಕೆಯಾದದ್ದು 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್: 37 ಮಿಲಿಮೀಟರ್ ತೋಪು, ನಾಲ್ವರು ಸಿಬ್ಬಂದಿ. ಹಗುರ ಟ್ಯಾಂಕ್ ಎಂದು ಹೆಸರಾದರೂ ಜಮ್ಮುವಿನಿಂದ ಶ್ರೀನಗರದ ದಾರಿಯ ಸೇತುವೆಗಳಿಗೆ ಅದೂ ಭಾರವೇ. ತೋಪು ಕೂತಿರುವ ತಿರುಗುವ ಗೂಡನ್ನು, ಅಂದರೆ ಟರೆಟ್ಟನ್ನು, ಕಳಚಿ ಬೇರೆಯಾಗಿ ಸಾಗಿಸಿದರು. ಇದರಿಂದ ತೂಕ ಇಳಿಯಿತು, ನೋಡಿದವರಿಗೆ ಟ್ಯಾಂಕೆಂದು ಗುರುತು ಹತ್ತುವುದೂ ತಪ್ಪಿತು. ಶ್ರೀನಗರ ದಾಟುವಾಗ ಕರ್ಫ್ಯೂ ಹಾಕಲಾಗಿತ್ತು. ಸುದ್ದಿ ಒಂದು ದಿನ ಮುಂಚೆ ಗುಮ್ರಿ ತಲುಪಿದ್ದರೆ ಇಷ್ಟೂ ಶ್ರಮ ನೀರುಪಾಲು.

ಜೋಜಿಲಾದ ಬುಡದ ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಟ್ಯಾಂಕ್ ಹತ್ತುವಷ್ಟು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್‌ಗಳು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರವಿರುವ ಪಡೆ ಅದೇ. ಬಂಡೆಗೆ ಮದ್ದಿಟ್ಟು ಸಿಡಿಸಿ, ಅಂಚು ಕಟ್ಟಿ ದಾರಿ ಮಾಡಿದರು. ಅಕ್ಟೋಬರ್‌ನಲ್ಲೇ ಆಗಬೇಕಿದ್ದ ದಾಳಿ ಹಿಮಪಾತದಿಂದ ಮುಂದಕ್ಕೆ ಹೋಗಿ ನವೆಂಬರ್ 1ರಂದು ನಡೆಯಿತು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಟ್ಯಾಂಕುಗಳು ಪೊಟರೆಗಳ ಬಾಯಿ ಮುಚ್ಚಿಸಿದವು. ಕಾಲಾಳುಗಳು ಹಿಂದೆಯೇ ನುಗ್ಗಿದರು. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅದೇ ತಿಂಗಳು ದ್ರಾಸ್ ಸಿಕ್ಕಿತು, 24ರಂದು ಕಾರ್ಗಿಲ್.

ತಿಮ್ಮಯ್ಯನವರನ್ನು ಗೌರವಿಸುವಾಗ ಸ್ಯಾಪರ್‌ಗಳ ಹೆಸರನ್ನಾಗಲಿ ಸ್ಪ್ಯಾರೋ ಅವರ ಹೆಸರನ್ನಾಗಲಿ ಬಿಡುವುದು ಸರಿಯಲ್ಲ. ಎಲ್ಲವನ್ನೂ ಒಬ್ಬರ ಹೆಗಲಿಗೆ ಹೊರಿಸಿದರೆ ಅವರು ನಿಜಕ್ಕೂ ಮಾಡಿದ್ದು, ಅಂದರೆ ಯಾವ ಆಯುಧ ಬೇಕೆಂದು ತೀರ್ಮಾನಿಸಿ ಅದರ ಅಪಾಯವನ್ನು ತಲೆಯ ಮೇಲೆ ಹೊತ್ತದ್ದು, ಮಸುಕಾಗುತ್ತದೆ.

ಕೊರಿಯಾದ ಕೆಲಸವನ್ನಂತೂ ನಮ್ಮಲ್ಲಿ ಯಾರೂ ವಿವರಿಸುವುದೇ ಇಲ್ಲ. 1953ರಲ್ಲಿ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಹಿಂತಿರುಗಲು ಒಪ್ಪದ ಕೈದಿಗಳು ಅಮೆರಿಕ ನೇತೃತ್ವದ ವಿಶ್ವಸಂಸ್ಥೆ ಪಡೆಯ ವಶದಲ್ಲಿ 22,000ಕ್ಕೂ ಹೆಚ್ಚು, ಚೀನಾ ಮತ್ತು ಉತ್ತರ ಕೊರಿಯಾದ ವಶದಲ್ಲಿ 359. ಅವರ ಇಚ್ಛೆಯನ್ನು ತಿಳಿಯಬೇಕಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕಾವಲು ಪಡೆ ನಮ್ಮದು, ಅದರ ಮುಖ್ಯಸ್ಥರು ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್. ಭಾರತೀಯ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾ ಹಟ ಹಿಡಿದದ್ದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು.

ಕ್ರಮ ಹೀಗಿತ್ತು: ಕೈದಿಯೊಬ್ಬನನ್ನು ಡೇರೆಯೊಳಗೆ ಕರೆತರುವುದು, ಮರಳಿ ಬರಬಹುದೆಂದು ಅವನ ದೇಶದವರು ಅವನಿಗೆ ವಿವರಿಸುವುದು, ಅವನು ಮರಳುವ ಅಥವಾ ಮರಳದಿರುವ ಎರಡು ಬಾಗಿಲುಗಳಲ್ಲಿ ಒಂದರಿಂದ ಹೊರಹೋಗುವುದು. ಕಾಗದದ ಮೇಲೆ ಸುಲಭ. ಶಿಬಿರಗಳೊಳಗೆ ಮುಖಂಡರ ಬಿಗಿಹಿಡಿತ, ಡೇರೆಗೆ ಬರಲು ಗುಂಪಿಗೆ ಗುಂಪೇ ನಿರಾಕರಣೆ. ಬಂದವರಲ್ಲಿ ಒಬ್ಬೊಬ್ಬನನ್ನೇ ಗಂಟೆಗಟ್ಟಲೆ ಕೂರಿಸಿಕೊಂಡ ವಿವರಣೆಗಾರರು. ಗೊತ್ತುಪಡಿಸಿದ 90 ದಿನಗಳಲ್ಲಿ ಕೆಲಸ ನಡೆದದ್ದು ಹತ್ತು ದಿನ ಮಾತ್ರ. ಬಲ ಬಳಸಿ ಎಳೆತರಬಹುದಿತ್ತು, ಆದರೆ ಹೆಣಗಳು ಉರುಳುತ್ತಿದ್ದವು. ತಿಮ್ಮಯ್ಯ ಅದಕ್ಕೆ ಕೈಹಾಕಲಿಲ್ಲ. 1954ರ ಜನವರಿಯಲ್ಲಿ ಉಳಿದವರನ್ನು ಅವರನ್ನು ಒಪ್ಪಿಸಿದ ಕಡೆಗೇ ಮರಳಿ ಒಪ್ಪಿಸಿದರು. ಎರಡೂ ಬಣ ಬೈದವು. ನಮ್ಮ ಮಟ್ಟಿಗೆ, ಎರಡೂ ಕಡೆಯಿಂದ ಬೈಸಿಕೊಂಡದ್ದೇ ಆ ಕೆಲಸಕ್ಕೆ ಸಿಕ್ಕ ಒಳ್ಳೆಯ ಪ್ರಮಾಣಪತ್ರ. ಆ ವರ್ಷ ಪದ್ಮಭೂಷಣವೂ ಬಂತು.

ಇನ್ನು ಸಂಘಟಕರಿಗೆ ಕೆಲವು ಮಾತು. ಬ್ಯಾನರ್ ಬರೆಸುವಾಗ ‘ಫೀಲ್ಡ್ ಮಾರ್ಷಲ್ ತಿಮ್ಮಯ್ಯ’ ಎಂದು ಹಾಕಬೇಡಿ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು, ತಿಮ್ಮಯ್ಯ ಜನರಲ್. ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಬರ್ಮಾದ ಕಾಂಗಾವ್ ಕದನದ್ದು, 1945. ಅದನ್ನು ಕಾಶ್ಮೀರಕ್ಕೆ ಅಂಟಿಸುವುದು ತಪ್ಪು. ಭೂಸೇನೆಯ ಮುಖ್ಯಸ್ಥರಾಗಿದ್ದದ್ದು 1957ರ ಮೇಯಿಂದ 1961ರ ಮೇವರೆಗೆ, ಆದ್ದರಿಂದ 1962ರ ಯುದ್ಧದ ಹೊತ್ತಿಗೆ ಅವರು ನಿವೃತ್ತರು. ಯುದ್ಧಭೂಮಿಯಲ್ಲಿ ಮಡಿದರೆಂದು ಹೇಳುವವರೂ ಇದ್ದಾರೆ. ಅವರು 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ಪುಟ್ಟ ದೇಶ ಅವರ ಅಂಚೆಚೀಟಿ ತಂದಿತು.

ಶಾಲೆಗಳಲ್ಲಿ ಹತ್ತು ನಿಮಿಷ ಸಿಕ್ಕರೂ ಸಾಕು. ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆದು ಶ್ರೀನಗರ, ಬಾಲ್ಟಾಲ್, ಜೋಜಿಲಾ, ಗುಮ್ರಿ, ದ್ರಾಸ್, ಕಾರ್ಗಿಲ್, ಲೇಹ್ ಎಂದು ಗುರುತಿಸಿ. ಸೆಪ್ಟೆಂಬರ್‌ನ ಸೋಲನ್ನು ಮೊದಲು ಹೇಳಿ, ಏಕೆ ಸೋತರೆಂದು ಮಕ್ಕಳನ್ನೇ ಕೇಳಿ, ಆಮೇಲೆ ಟ್ಯಾಂಕಿನ ವಿಷಯಕ್ಕೆ ಬನ್ನಿ. ಮಡಿಕೇರಿಗೆ ಪ್ರವಾಸ ಬರುವವರು ಅವರ ಮನೆ ‘ಸನ್ನಿ ಸೈಡ್’ಗೂ ಹೋಗಲಿ, ಒಂದು ಕಾಲಕ್ಕೆ ಆರ್‌ಟಿಒ ಕಚೇರಿಯಾಗಿದ್ದ ಆ ಮನೆ 2021ರಿಂದ ವಸ್ತುಸಂಗ್ರಹಾಲಯ. ಬೆಂಗಳೂರಿನಲ್ಲಿ ಎಲ್ಲರೂ ರಿಚ್ಮಂಡ್ ರಸ್ತೆ ಎನ್ನುವ ಜನರಲ್ ತಿಮ್ಮಯ್ಯ ರಸ್ತೆಯಲ್ಲಿ, ಪಾದಚಾರಿ ನಿಂತು ಓದುವ ಎತ್ತರಕ್ಕೆ, ಕಾಂಗಾವ್, ಜೋಜಿಲಾ, ಕೊರಿಯಾ, ಸೈಪ್ರಸ್ ಎಂಬ ನಾಲ್ಕು ಹೆಸರು ಮತ್ತು ಇಸವಿಗಳುಳ್ಳ ಕನ್ನಡ ಫಲಕವೊಂದನ್ನು ಪಾಲಿಕೆ ಹಾಕಿಸಬೇಕೆಂದು ಕೋರುತ್ತೇವೆ.

– ಸೇನಾ ಇತಿಹಾಸಾಸಕ್ತ ಓದುಗರು, ಮಡಿಕೇರಿ