ಅಂಚಿಲ್ಲದ ಆಕಾಶದ ಅಳತೆ: ಮಗಳಿಗೊಂದು ಪತ್ರ

ವಿಜಯಪುರ

ಚಿರಂಜೀವಿ ಗಂಗಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಧಾರವಾಡದಿಂದ ನೀನು ಬರೆದ ಪತ್ರ ತಲುಪಿತು. ವಿಶ್ವ ಚಪ್ಪಟೆಯಾಗಿದೆ ಎಂದು ತರಗತಿಯಲ್ಲಿ ಕೇಳಿದ ಮೇಲೆ, ‘ಚಪ್ಪಟೆಯಾದದ್ದಕ್ಕೆ ಅಂಚು ಇರಲೇಬೇಕಲ್ಲ ಅಪ್ಪಾ, ಅದು ಎಲ್ಲಿದೆ?’ ಎಂದು ಕೇಳಿದ್ದೀಯ. ಹೊಲಗಳ ಮೋಜಣಿಯಲ್ಲೇ ನೌಕರಿ ಕಳೆದ ನನಗೆ ಈ ಪ್ರಶ್ನೆ ದೂರದ್ದು ಎನಿಸಲಿಲ್ಲ. ಏಕೆಂದರೆ ವಿಶ್ವದ ಆಕಾರವನ್ನು ತಿಳಿಯಲು ವಿಜ್ಞಾನಿಗಳು ಹಿಡಿದಿರುವ ದಾರಿ ಮೋಜಣಿಯ ದಾರಿಯೇ ಆಗಿದೆ.

ನಮ್ಮ ಗೋಲಗುಮ್ಮಟ ದುಂಡಗಿದೆ ಎಂಬುದನ್ನು ನಾವು ಹೊರಗೆ ನಿಂತು ನೋಡಿ ಹೇಳುತ್ತೇವೆ. ವಿಶ್ವದ ವಿಷಯದಲ್ಲಿ ಹಾಗೆ ಹೊರಗೆ ನಿಲ್ಲಲು ಸ್ಥಳವಿಲ್ಲ, ಆದ್ದರಿಂದ ಒಳಗಿದ್ದುಕೊಂಡೇ ಅಳೆಯಬೇಕು. ಅದು ಸಾಧ್ಯವೆಂದು 1827ರಲ್ಲಿ ಗಣಿತದಿಂದ ತೋರಿಸಿದವನು ಜರ್ಮನಿಯ ಗಣಿತಜ್ಞ ಗೌಸ್. ಹ್ಯಾನೋವರ್ ಸೀಮೆಯ ಭೂಮಾಪನವನ್ನು ಸ್ವತಃ ನಡೆಸಿ, ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಬಾಹುವುಳ್ಳ ತ್ರಿಕೋನವನ್ನು ಅಳೆದವನೂ ಅವನೇ. ಸಮತಲದ ಮೇಲೆ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ. ಗೋಳದ ಮೇಲೆ ಅದಕ್ಕಿಂತ ಹೆಚ್ಚು, ಕುದುರೆಯ ಜೀನಿನಂತೆ ಬಾಗಿದ ಮೈಮೇಲೆ ಅದಕ್ಕಿಂತ ಕಡಿಮೆ. ಆದರೆ ಭೂಮಿಯ ಮೇಲೆ ಈ ಹೆಚ್ಚಳ ಒಂದು ಸೆಕೆಂಡಿನಷ್ಟಾಗಲು, ಅಂದರೆ ಡಿಗ್ರಿಯ 3600ನೆಯ ಒಂದು ಭಾಗದಷ್ಟಾಗಲು, ತ್ರಿಕೋನವು ಸುಮಾರು 200 ಚದರ ಕಿಲೋಮೀಟರ್ ವಿಸ್ತಾರವಾಗಿರಬೇಕು. ಯಾವ ರೈತನ ಹೊಲದಲ್ಲಿಯೂ ಅದು ಕಾಣಿಸದು.

ಇದೇ ಮಾತನ್ನು 1150ರಲ್ಲಿ ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯಲ್ಲಿ ಹೇಳಿದ್ದಾರೆ: ವೃತ್ತದ ಪರಿಧಿಯ ನೂರನೆಯ ಒಂದು ಭಾಗ ನೇರವಾಗಿಯೇ ತೋರುತ್ತದೆ, ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಚಿಕ್ಕವನು, ಆದ್ದರಿಂದ ಅವನಿಗೆ ಅದು ಚಪ್ಪಟೆಯಾಗಿ ಕಾಣುತ್ತದೆ. ಅವರು ತಮ್ಮ ಊರೆಂದು ಹೇಳಿಕೊಂಡ ವಿಜ್ಜಡವಿಡವೇ ಇಂದಿನ ವಿಜಯಪುರವೆಂದು ಇಲ್ಲಿ ಅನೇಕರು ನಂಬುತ್ತಾರೆ. ಆ ವಾದ ಏನೇ ಇರಲಿ, ವಿಶ್ವದ ಆಕಾರದ ಬಗೆಗೆ ಯಾರಾದರೂ ನಿಶ್ಚಯವಾಗಿ ಮಾತಾಡಿದಾಗಲೆಲ್ಲ ನನಗೆ ಭಾಸ್ಕರಾಚಾರ್ಯರ ಆ ಎಚ್ಚರಿಕೆಯ ಮಾತು ನೆನಪಾಗುತ್ತದೆ.

ಮೂರು ಆಯಾಮಗಳ ಆಕಾಶವೂ, ಅಂದರೆ ವಸ್ತುಗಳೆಲ್ಲ ಇರುವ ಅವಕಾಶವೂ, ಬಾಗಿರಬಹುದೆಂದು 1854ರಲ್ಲಿ ಗಣಿತಜ್ಞ ರೀಮಾನ್ ವಿವರಿಸಿದನು. ಆ ಬಾಗುವಿಕೆಗೆ ದ್ರವ್ಯ ಮತ್ತು ಶಕ್ತಿಯೇ ಕಾರಣವೆಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು. ಹೀಗಾಗಿ ಪ್ರಶ್ನೆ ತೂಕದ ಲೆಕ್ಕಕ್ಕೆ ಬಂದು ನಿಂತಿತು: ಸರಾಸರಿ ಒಂದು ಘನ ಮೀಟರಿಗೆ ಐದಾರು ಹೈಡ್ರೋಜನ್ ಪರಮಾಣುಗಳಷ್ಟು ಸಾಂದ್ರತೆಯಿದ್ದರೆ ವಿಶ್ವ ಸಪಾಟು, ಅಂದರೆ ನೀನು ಕೇಳಿದ ಚಪ್ಪಟೆ, ಅದಕ್ಕಿಂತ ಹೆಚ್ಚಿದ್ದರೆ ಗೋಳದ ಬಗೆಯದು, ಕಡಿಮೆಯಿದ್ದರೆ ಜೀನಿನ ಬಗೆಯದು.

ಇನ್ನು ತ್ರಿಕೋನದ ಮಾತು. ಹುಟ್ಟಿದ ಸುಮಾರು 3,80,000 ವರ್ಷಗಳವರೆಗೆ ವಿಶ್ವವು ಬೆಳಕು ಮತ್ತು ದ್ರವ್ಯ ಒಂದಕ್ಕೊಂದು ಅಂಟಿಕೊಂಡಿದ್ದ ಕಾದ ಅನಿಲವಾಗಿತ್ತು, ಮತ್ತು ಅದರಲ್ಲಿ ಶಬ್ದದ ಅಲೆಗಳು ಹರಿಯುತ್ತಿದ್ದವು. ಆ ಅಲೆಗಳ ವೇಗವೂ ಗೊತ್ತು, ಅವುಗಳಿಗೆ ದೊರೆತ ಕಾಲವೂ ಗೊತ್ತು, ಆದ್ದರಿಂದ ಅವು ಕ್ರಮಿಸಿದ ದೂರವನ್ನು ಲೆಕ್ಕ ಹಾಕಬಹುದು. ಇದು ನಮ್ಮ ತ್ರಿಕೋನದ ತಳರೇಖೆ. ಅಂದು ಹೊರಟ ಬೆಳಕು ಸುಮಾರು 1,380 ಕೋಟಿ ವರ್ಷ ನಡೆದು ಇಂದು ನಮ್ಮನ್ನು ತಲುಪುತ್ತಿದೆ. ಅದರ ಹಾದಿಗಳು ಉಳಿದೆರಡು ಬಾಹುಗಳು. 1965ರಲ್ಲಿ ವಿಜ್ಞಾನಿಗಳಾದ ಪೆನ್ಜಿಯಾಸ್ ಮತ್ತು ವಿಲ್ಸನ್ ಪತ್ತೆಹಚ್ಚಿದ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವೇ ಈ ಬೆಳಕು. ಅದರ ಉಷ್ಣತೆಯಲ್ಲಿ ಲಕ್ಷಕ್ಕೆ ಒಂದರಷ್ಟು ಏರಿಳಿತಗಳಿದ್ದು, ಅವು ನಕ್ಷೆಯಲ್ಲಿ ಕಲೆಗಳಂತೆ ತೋರುತ್ತವೆ; ವಿಶ್ವ ಸಪಾಟಾಗಿದ್ದರೆ ಆ ಕಲೆಗಳು ಆಕಾಶದಲ್ಲಿ ಸುಮಾರು ಒಂದು ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಎರಡರಷ್ಟು ಅಗಲವಾಗಿ ಕಾಣಬೇಕು. ಗೋಳದ ಬಗೆಯದಾದರೆ ಇನ್ನೂ ದೊಡ್ಡವಾಗಿ, ಜೀನಿನ ಬಗೆಯದಾದರೆ ಚಿಕ್ಕವಾಗಿ ಕಾಣಬೇಕು. ಅಂಟಾರ್ಕ್ಟಿಕಾದ ಮೇಲೆ ಬಲೂನಿಗೆ ದೂರದರ್ಶಕ ತೂಗುಹಾಕಿ ಅಳೆದ ‘ಬೂಮರಾಂಗ್’ ತಂಡವು 2000ದಲ್ಲಿ ಕೊಟ್ಟ ಉತ್ತರ ಒಂದು ಡಿಗ್ರಿಯ ಆಸುಪಾಸು. ಮುಂದೆ ‘ಪ್ಲಾಂಕ್’ ಉಪಗ್ರಹದ ಅಳತೆಗಳನ್ನು ಗೆಲಾಕ್ಸಿಗಳ ಹಂಚಿಕೆಯ ಅಳತೆಗಳೊಂದಿಗೆ ಕೂಡಿಸಿ ನೋಡಿದಾಗ, 2018ರ ಹೊತ್ತಿಗೆ, ವಕ್ರತೆಯ, ಅಂದರೆ ಬಾಗುವಿಕೆಯ, ಪಾಲು ಸೊನ್ನೆಯಿಂದ ಶೇಕಡಾ ಅರ್ಧಕ್ಕಿಂತಲೂ ಕಡಿಮೆ ಅಂತರದಲ್ಲಿದೆ ಎಂದು ತಿಳಿಯಿತು.

ಮಗಳೇ, ಈ ಅಳತೆ ಹೇಳುವುದು ಇಷ್ಟೇ: ಮೂರೂ ಆಯಾಮಗಳಲ್ಲಿ ನಮ್ಮ ಶಾಲೆಯ ರೇಖಾಗಣಿತವೇ ಸಲ್ಲುತ್ತದೆ. ರೊಟ್ಟಿಯ ಹಾಗೆ ತೆಳುವಾದ, ಅಂಚುಳ್ಳ ವಸ್ತುವೊಂದರ ಚಿತ್ರವನ್ನು ನೀನು ಮನಸ್ಸಿನಿಂದ ತೆಗೆಯಬೇಕು. ಸಪಾಟಾಗಿದೆ, ಆದ್ದರಿಂದ ಅನಂತವಾಗಿದೆ ಎಂದು ಹೇಳುವವರೂ ಅಳತೆಯನ್ನು ಮೀರಿ ಮಾತಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಒಂದನೆಯದಾಗಿ, ಅಳತೆಗೆ ಸಿಗದಷ್ಟು ಸೂಕ್ಷ್ಮವಾದ ವಕ್ರತೆ ಇರಬಹುದು; ಭಾಸ್ಕರಾಚಾರ್ಯರ ಚಿಕ್ಕ ಮನುಷ್ಯನ ಸ್ಥಿತಿಯೇ ನಮ್ಮದೂ ಆಗಿರಬಹುದು. ಅಷ್ಟೇ ಅಲ್ಲ, ಎಲ್ಲಿಯೂ ಬಾಗದ ಆಕಾಶವೂ ಪರಿಮಿತವಾಗಿರಲು ಗಣಿತದ ಅಡ್ಡಿಯಿಲ್ಲ: ಪೂರ್ವಕ್ಕೆ ನೇರವಾಗಿ ಹೊರಟವನು ಎಲ್ಲಿಯೂ ತಿರುಗದೆ ಪಶ್ಚಿಮದಿಂದ ಹೊರಟ ಸ್ಥಳಕ್ಕೇ ಮರಳುವಂತಹ ರಚನೆಯಲ್ಲಿ ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿಯೇ ಇರುತ್ತದೆ, ಅಂಚು ಮಾತ್ರ ಇರುವುದಿಲ್ಲ. ಗಣಿತಜ್ಞರು ಇದನ್ನು ಟೋರಸ್ ಎನ್ನುತ್ತಾರೆ.

ವಿಶ್ವ ಹಾಗೆ ತನ್ನೊಳಗೇ ಮರಳುತ್ತಿದ್ದು ನಮಗೆ ಕಾಣುವ ಹರವಿಗಿಂತ ಚಿಕ್ಕದಾಗಿದ್ದರೆ, ಹಿನ್ನೆಲೆ ವಿಕಿರಣದ ನಕ್ಷೆಯಲ್ಲಿ ಒಂದೇ ಏರಿಳಿತದ ವೃತ್ತವು ಆಕಾಶದ ಎರಡು ಬೇರೆ ದಿಕ್ಕುಗಳಲ್ಲಿ ಕಾಣಬೇಕು. ಅಂತಹ ಜೋಡಿ ವೃತ್ತಗಳನ್ನು ವಿಜ್ಞಾನಿಗಳು ಶ್ರದ್ಧೆಯಿಂದ ಹುಡುಕಿದ್ದಾರೆ, ಇದುವರೆಗೆ ಸಿಕ್ಕಿಲ್ಲ. ಹೆಚ್ಚು ಜಟಿಲವಾದ ರಚನೆಗಳಲ್ಲಿ ಜೋಡಿ ವೃತ್ತಗಳು ಮೂಡದಿದ್ದರೂ ನಕ್ಷೆಯ ಮೇಲೆ ಬೇರೆ ಗುರುತುಗಳು ಉಳಿಯಬಹುದಾದ್ದರಿಂದ ಆ ಹುಡುಕಾಟ ಇನ್ನೂ ನಡೆದಿದೆ. ದಸರೆಯ ರಜೆಗೆ ಬರುವಾಗ ನಿನ್ನ ರೇಖಾಗಣಿತದ ಟಿಪ್ಪಣಿಗಳನ್ನು ತಾ. ಟೋರಸ್ಸಿನ ಮೇಲೆ ಜೋಡಿ ವೃತ್ತಗಳು ಹೇಗೆ ಮೂಡುತ್ತವೆ ಎಂಬುದನ್ನು ಕಾಗದದ ಮೇಲೆ ಬಿಡಿಸಿಯೇ ನೋಡೋಣ.

ನಿನ್ನ
ಅಪ್ಪ