ಬೆವರದ ಲೋಟದ ಬಗ್ಗೆ ಗೆಳೆಯನಿಗೊಂದು ಪತ್ರ

ಬೆಂಗಳೂರು,
ಶನಿವಾರ ರಾತ್ರಿ

ಪ್ರಿಯ ಗೆಳೆಯಾ,

ಐವತ್ತೆರಡನೆಯ ವಯಸ್ಸಿನಲ್ಲಿ ಕುಂಬಾರಿಕೆ ಕಲಿಯಲು ಹೊರಟಿದ್ದೇನೆಂದು ಫೋನಿನಲ್ಲಿ ಹೇಳಿದಾಗ ನೀನು ಬಹಳ ಹೊತ್ತು ನಕ್ಕೆ. ಆಮೇಲೆ ನಗು ನಿಲ್ಲಿಸಿ, "ಅದೆಲ್ಲ ಇರಲಿ, ನೀನು ಮಾಡಿದ್ದರಲ್ಲಿ ನೀರು ತಣ್ಣಗಾಗುತ್ತದೆಯೋ ಇಲ್ಲವೋ, ಅಷ್ಟು ಹೇಳು" ಎಂದು ಕೇಳಿದೆ. "ಆಗದೆ ಏನು, ಮಣ್ಣಿನದ್ದಲ್ಲವೇ" ಎಂದು ನಾನು ಯೋಚಿಸದೆ ಹೇಳಿಬಿಟ್ಟೆ. ಎಂಟು ಶನಿವಾರಗಳ ತರಗತಿ ಇವತ್ತಿಗೆ ಮುಗಿಯಿತು. ನಾನು ಮಾಡಿದ ಲೋಟ ಈಗ ನನ್ನ ಮೇಜಿನ ಮೇಲಿದೆ; ಮಧ್ಯಾಹ್ನ ಅದಕ್ಕೆ ತುಂಬಿದ ನೀರು ಈ ಕೋಣೆಯಷ್ಟೇ ಬೆಚ್ಚಗಿದೆ. ನಾನು ಹೇಳಿದ್ದು ತಪ್ಪಾಯಿತು. ಏಕೆ ತಪ್ಪಾಯಿತು ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ತರಗತಿ ನಡೆಯುವುದು ಒಂದು ಮನೆಯ ತಾರಸಿಯ ಮೇಲೆ, ಶೀಟು ಹೊದಿಸಿದ ಕೋಣೆಯಲ್ಲಿ. ಕಾಲಿನಿಂದ ಪೆಡಲು ಒತ್ತಿದರೆ ತಿರುಗುವ ಆರು ವಿದ್ಯುತ್ ಚಕ್ರಗಳಿವೆ. ಕಲಿಸುವ ಮೇಡಂ ನಮ್ಮ ಮಕ್ಕಳ ವಯಸ್ಸಿನವರು. ಸಹಪಾಠಿಗಳಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕಂಪನಿಗಳವರು. ಅವರ ಜೊತೆಗೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇದ್ದಳು, ಅವಳು ನಮ್ಮೆಲ್ಲರಿಗಿಂತ ಮುಂದೆ ಹೋದಳು. ಮೊದಲ ದಿನವೇ ಉಂಗುರ ತೆಗೆಸಿ, ಉಗುರು ಕತ್ತರಿಸಿಕೊಂಡು ಬರಲು ಹೇಳಿ, ಪ್ರತಿಯೊಬ್ಬರಿಗೂ ಅರ್ಧ ಕಿಲೋದಷ್ಟು ಮಣ್ಣಿನ ಮುದ್ದೆ ಕೊಟ್ಟರು. ಅದು ನಮ್ಮ ಕಡೆಯ ಕೆರೆಯ ಗೋಡು ಅಲ್ಲ. ಬಗೆಬಗೆಯ ಜೇಡಿಯನ್ನೂ ಕಲ್ಲಿನ ಪುಡಿಯನ್ನೂ ಅಳತೆಯಂತೆ ಬೆರೆಸಿ ಚೀಲದಲ್ಲಿ ಮಾರುವ, ಹೆಚ್ಚು ಶಾಖ ತಡೆಯುವ ಬೂದು ಬಣ್ಣದ ಮಣ್ಣು. ಅದಕ್ಕೆ ಸ್ಟೋನ್‌ವೇರ್ ಮಣ್ಣು ಎನ್ನುತ್ತಾರೆ. ಈ ವ್ಯತ್ಯಾಸ ನೆನಪಿಟ್ಟುಕೋ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಚಕ್ರದ ಹತ್ತಿರ ಹೋಗುವ ಮೊದಲು ಮಣ್ಣನ್ನು ನಾದಬೇಕು. ಚಪಾತಿ ಹಿಟ್ಟಿನಂತೆ ಎಂದುಕೊಂಡು ಶುರು ಮಾಡಿದೆ. ಹತ್ತು ನಿಮಿಷದಲ್ಲಿ ಭುಜ ಬಿದ್ದುಹೋಯಿತು. ಒಳಗಿನ ಗಾಳಿ ಹೊರಗೆ ಹೋಗಬೇಕು, ಅದಕ್ಕಿಂತ ಮುಖ್ಯವಾಗಿ ತೇವ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡಬೇಕು. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ ಇರುವ ಮುದ್ದೆಯನ್ನು ಯಾವ ಕೈಯೂ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಲಾರದು. "ಹದ ಬರುವ ತನಕ" ಎಂದು ಮೇಡಂ ಹೇಳಿದಾಗ ನನಗೆ ನಿನ್ನ ನೆನಪಾಯಿತು. ಮಳೆ ಬಿದ್ದ ಮರುದಿನವೇ ನಾನು ಆತುರಪಟ್ಟರೂ ನೀನು ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬಿಟ್ಟು, ಅದು ಹೇಗೆ ಒಡೆಯುತ್ತದೆಂದು ನೋಡಿ, "ಇನ್ನೂ ಹದ ಇಲ್ಲ" ಎಂದು ಶೇಂಗಾ ಬಿತ್ತನೆಯನ್ನು ಮುಂದಕ್ಕೆ ಹಾಕುತ್ತಿದ್ದೆ. ಆ ಒಂದು ಪದ ನಿನಗೆ ಗೊತ್ತಿದ್ದಷ್ಟು ನನಗೆ ಗೊತ್ತಿರಲಿಲ್ಲ. ಈ ಎರಡು ತಿಂಗಳು ನಾನು ಕಲಿತದ್ದೂ, ಕಲಿಯಲಾಗದೆ ಸೋತದ್ದೂ ಅದೇ ಪದವನ್ನು.

ಮುದ್ದೆಯನ್ನು ಚಕ್ರದ ನಡುವೆ ಬಡಿದು ಕೂರಿಸಿದ ಮೇಲೆ ಅದನ್ನು ಕೇಂದ್ರಕ್ಕೆ ತರಬೇಕು. ಇದಕ್ಕೆ ಸೆಂಟರಿಂಗ್ ಎಂದು ಹೆಸರು. ಮುದ್ದೆ ಎಳ್ಳಷ್ಟು ಓರೆಯಾಗಿದ್ದರೂ ತಿರುಗುವಾಗ ಅಂಗೈಯನ್ನು ತಳ್ಳುತ್ತದೆ. ಹೊಸಬರು ಅದರ ತಳ್ಳಾಟಕ್ಕೆ ತಕ್ಕಂತೆ ಕೈಯನ್ನು ಆಡಿಸುತ್ತಾರೆ, ಆಗ ಅದು ಇನ್ನಷ್ಟು ಓರೆಯಾಗುತ್ತದೆ. ಮೊಣಕೈಯನ್ನು ತೊಡೆಗೆ ಊರಿ, ಅಂಗೈಯ ಬುಡವನ್ನು ಮಣ್ಣಿಗೆ ಆನಿಸಿ ಕಲ್ಲಿನಂತೆ ಕುಳಿತುಬಿಟ್ಟರೆ, ಮಣ್ಣೇ ಸೋತು ಸರಿಯಾದ ಜಾಗಕ್ಕೆ ಬರುತ್ತದೆ. ಹೇಳುವುದು ಸುಲಭ. ಮೂರು ಶನಿವಾರ ನನ್ನ ಮುದ್ದೆ ಕುಡಿದವನಂತೆ ತೂರಾಡಿತು. ನಾಲ್ಕನೆಯ ಶನಿವಾರ ಯಾವ ಕ್ಷಣದಲ್ಲೋ ಅಂಗೈಯ ಕೆಳಗಿನ ಮಣ್ಣು ಅಲುಗಾಡುವುದನ್ನು ನಿಲ್ಲಿಸಿತು. ಚಕ್ರ ನಿಂತುಹೋಯಿತೆಂದುಕೊಂಡು ನಾನು ಕೆಳಗೆ ನೋಡಿದೆ. ಅದು ಭರದಿಂದ ತಿರುಗುತ್ತಲೇ ಇತ್ತು.

ಅಂದಿನ ಸಂತೋಷ ಐದು ನಿಮಿಷವೂ ಉಳಿಯಲಿಲ್ಲ. ಮಣ್ಣು ಕೈಗೆ ಅಂಟದಂತೆ ಆಗಾಗ ನೀರು ಚಿಮುಕಿಸಬೇಕು. ನೀರಿದ್ದರೆ ಬೆರಳು ಜಾರುತ್ತದೆ, ಜಾರುವುದು ಹಿತವಾಗಿರುತ್ತದೆ, ಹಿತವಾಗಿರುವುದರಿಂದ ಇನ್ನಷ್ಟು ಹಾಕಬೇಕೆನಿಸುತ್ತದೆ. ಹೆಬ್ಬೆರಳಿನಿಂದ ನಡುವೆ ಗುಳಿ ಮಾಡಿ, ಒಳಗೊಂದು ಹೊರಗೊಂದು ಬೆರಳಿಟ್ಟು ಗೋಡೆಯನ್ನು ಮೇಲಕ್ಕೆಳೆದೆ. ನಾಲ್ಕು ಇಂಚು ಎದ್ದು ನಿಂತಿತು. ಅಂಚು ಚೆಂದವಾಗಲೆಂದು ಮತ್ತೊಮ್ಮೆ ನೀರು ಹಾಕಿ ಸವರುವಷ್ಟರಲ್ಲಿ ಇಡೀ ಪಾತ್ರೆ ಸೊಂಟ ಮುರಿದುಕೊಂಡು ಕೂತಿತು. ತಳದಲ್ಲಿ ನಿಂತಿದ್ದ ನೀರನ್ನು ಗೋಡೆ ಕುಡಿದಿತ್ತು. ಚಕ್ರದ ಮೇಲೆ ನಾನು ಕಳೆದುಕೊಂಡ ಏಳು ಪಾತ್ರೆಗಳಲ್ಲಿ ಐದು ಹೀಗೆ ನೀರಿನಿಂದಲೇ ಹೋದವು.

ಚಕ್ರದಿಂದ ಉಳಿದು ಬಂದದ್ದೊಂದನ್ನು ನಾನು ತಡಮಾಡಿ ಕೆಡಿಸಿದೆ. ಪಾತ್ರೆ ಒಂದೆರಡು ದಿನ ಆರಿ, ಉಗುರು ಒತ್ತಿದರೆ ಗುರುತು ಮೂಡುವ ಆದರೆ ಕೈಯಲ್ಲಿ ಹಿಡಿದರೆ ಆಕಾರ ಕೆಡದ ಸ್ಥಿತಿಗೆ ಬಂದಾಗ ಅದನ್ನು ಬೋರಲು ಹಾಕಿ ತಳ ಕೆತ್ತಬೇಕು, ಹಿಡಿ ಅಂಟಿಸಬೇಕು. ತರಗತಿಯಲ್ಲಿ ಎಲ್ಲರೂ ಲೆದರ್ ಹಾರ್ಡ್ ಎನ್ನುವುದು ಈ ಸ್ಥಿತಿಗೆ. ನನ್ನ ಮಟ್ಟಿಗೆ ಅದು ಎರಡನೆಯ ಹದ. ನಾನು ಒಂದು ವಾರ ಊರಲ್ಲಿರಲಿಲ್ಲವಾಗಿ, ಚೆನ್ನಾಗಿ ಒಣಗಿಹೋಗಿದ್ದ ಲೋಟಕ್ಕೆ ಹಸಿ ಮಣ್ಣಿನ ಹಿಡಿಯನ್ನು ಅಂಟಿಸಿದೆ. ಲೋಟ ಆಗಲೇ ಕುಗ್ಗಿ ಮುಗಿದಿತ್ತು, ಹಿಡಿ ಆಗಷ್ಟೇ ಕುಗ್ಗಲು ಹೊರಟಿತ್ತು. ಮರುದಿನದ ಹೊತ್ತಿಗೆ ಎರಡೂ ಬೇರೆಯಾಗಿ, ನಡುವೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಆರುವಾಗ ಮತ್ತು ಸುಡುವಾಗ ಒಟ್ಟು ಸೇರಿ ಈ ಮಣ್ಣು ನೂರಕ್ಕೆ ಹತ್ತು ಹನ್ನೆರಡು ಭಾಗ ಕುಗ್ಗುತ್ತದೆ. ಬೆಳಗಿನ ಕಾಫಿಗೆಂದು ಅಳತೆ ನೋಡಿ ಮಾಡಿದ ಲೋಟ ಕೊನೆಗೆ ಬೈ-ಟೂ ಕಾಫಿಗೆ ಸರಿಹೋಗುವಷ್ಟಾಗಿ ಕೈಗೆ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಚಕ್ರದ ಮೇಲಿನ ಕೆಲಸ ನೋಡಿದರೆ ಆ ಗಾದೆ ಉತ್ಪ್ರೇಕ್ಷೆ ಎನಿಸುತ್ತದೆ. ಕುಂಬಾರನಿಗೂ ಅಲ್ಲಿ ನಿಮಿಷವೇ ಸಾಕು. ವರುಷವೆಲ್ಲ ಹೋಗುವುದು ಕೈ ಕಟ್ಟಿಕೊಂಡು ಕಾಯುವುದರಲ್ಲಿ.

ನಿಮಿಷ ಎಂದದ್ದು ಕಣ್ಣಾರೆ ಕಂಡು. ಒಂದು ಶನಿವಾರ ತರಗತಿ ಮುಗಿಸಿ ಬೆನ್ಸನ್ ಟೌನಿನ ಪಕ್ಕದ ಪಾಟರಿ ಟೌನಿಗೆ ಹೋಗಿದ್ದೆ. ತಲೆತಲಾಂತರದಿಂದ ಈ ಕಸುಬು ಮಾಡುವ ಕುಟುಂಬಗಳು ಬೆಂಗಳೂರಿನ ನಡುವೆಯೇ ಅಲ್ಲಿ ನೆಲೆಸಿವೆ. ಒಬ್ಬ ಹಿರಿಯರು ದೊಡ್ಡ ಮುದ್ದೆಯೊಂದನ್ನು ಚಕ್ರದ ಮೇಲೆ ಗೋಪುರದಂತೆ ನಿಲ್ಲಿಸಿ, ಅದರ ತುದಿಯಲ್ಲಿ ಹಣತೆಯೊಂದನ್ನು ಅರಳಿಸಿ, ದಾರದಿಂದ ಕತ್ತರಿಸಿ ಪಕ್ಕಕ್ಕಿಟ್ಟು, ಮತ್ತೆ ತುದಿಗೆ ಕೈ ಹಾಕುತ್ತಿದ್ದರು. ನಾನು ಒಂದು ಮುದ್ದೆಯನ್ನು ಕೇಂದ್ರಕ್ಕೆ ತರುವ ಹೊತ್ತಿನಲ್ಲಿ ಅವರ ಹಲಗೆಯ ಮೇಲೆ ಹತ್ತು ಹಣತೆಗಳು ಸಾಲಾಗಿದ್ದವು, ಅವರ ಪಕ್ಕದ ನೀರಿನ ಬಟ್ಟಲು ಹೆಚ್ಚುಕಡಿಮೆ ತುಂಬಿದಂತೆಯೇ ಇತ್ತು. ನೀರಿನ ಗಡಿಗೆಯನ್ನು ಪೂರ್ತಿಯಾಗಿ ಚಕ್ರದ ಮೇಲೆ ಮಾಡುವುದಿಲ್ಲವೆಂಬುದೂ ನನಗೆ ಅಲ್ಲಿಯೇ ತಿಳಿಯಿತು. ಕುತ್ತಿಗೆಯನ್ನೂ ದಪ್ಪನೆಯ ಮೈಯನ್ನೂ ಚಕ್ರದ ಮೇಲೆ ಎತ್ತಿ, ಸ್ವಲ್ಪ ಆರಿದ ಮೇಲೆ, ಒಳಗಿನಿಂದ ದುಂಡು ಕಲ್ಲು ಹಿಡಿದು ಹೊರಗಿನಿಂದ ಮರದ ಪಟ್ಟಿಯಲ್ಲಿ ತಟ್ಟಿ ತಟ್ಟಿ ತೆಳುವಾಗಿಸಿ ತಳವನ್ನು ಮುಚ್ಚುತ್ತಾರೆ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯನ ಗಡಿಗೆಯ ಸದ್ದಿಗೆ ಶಿವ ಕುಣಿದನೆಂದು ಶಾಲೆಯಲ್ಲಿ ಓದಿದಾಗ ಅದು ಬರೀ ಭಕ್ತಿಯ ಕಥೆ ಎನಿಸಿತ್ತು. ಆ ತಟ್ಟುವಿಕೆಯ ಲಯವನ್ನು ಹತ್ತಿರದಿಂದ ಕೇಳಿದ ಮೇಲೆ, ಕಥೆ ಕಟ್ಟಿದವರು ಯಾವುದೋ ಕುಂಬಾರಗೇರಿಯಲ್ಲಿ ನಿಂತು ಕಿವಿಗೊಟ್ಟಿರಬೇಕು ಎನಿಸಿತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆರನೆಯ ವಾರ ಸುಡುವ ದಿನ. ಗೂಡಿಗೆ ಇಡುವ ಮೊದಲು ಮೇಡಂ ಒಂದೊಂದು ಪಾತ್ರೆಯನ್ನೂ ಎತ್ತಿ ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ನನ್ನದನ್ನು ತಾಗಿಸಿ, "ಸರ್, ಇದು ಇನ್ನೂ ತಣ್ಣಗಿದೆ, ಮುಂದಿನ ವಾರ ಇಡೋಣ" ಎಂದರು. ಕಣ್ಣಿಗೆ ಅದು ಒಣಗಿಯೇ ಇತ್ತು. ಆದರೆ ಒಳಗಿನ ತೇವ ಮೆಲ್ಲಗೆ ಆವಿಯಾಗುತ್ತಿರುವ ತನಕ ಪಾತ್ರೆ ತನ್ನ ಶಾಖವನ್ನು ಕಳೆದುಕೊಳ್ಳುತ್ತಲೇ ಇರುತ್ತದೆ, ಆ ತಂಪು ಕೆನ್ನೆಗೆ ತಿಳಿಯುತ್ತದೆ. ಹಾಗೆಯೇ ಸುಟ್ಟರೆ ಆ ನೀರು ಹಬೆಯಾಗುವಾಗ ಸಾವಿರದ ಆರುನೂರು ಪಟ್ಟಿಗಿಂತಲೂ ಹೆಚ್ಚು ಹಿಗ್ಗಿ ಪಾತ್ರೆಯನ್ನು ಸಿಡಿಸುತ್ತದೆ. ಪಾತ್ರೆ ಸಿಡಿದಾಗಲೆಲ್ಲ ಗಾಳಿಯ ಗುಳ್ಳೆಯನ್ನು ದೂರುವುದು ರೂಢಿಯಾದರೂ ನಿಜವಾದ ಅಪರಾಧಿ ಸಾಮಾನ್ಯವಾಗಿ ನೀರೇ ಎಂದು ಅವರು ವಿವರಿಸಿದರು. ಅವರು ಮಾತು ಮುಗಿಸುವ ಮೊದಲೇ ನನಗೆ ನಿಮ್ಮ ಅಡುಗೆಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತಿರುತ್ತಿದ್ದ ಗಡಿಗೆ ಕಣ್ಣ ಮುಂದೆ ಬಂದಿತ್ತು. ಅಮ್ಮ ಅದರ ಹೊಟ್ಟೆಯನ್ನು ಅಂಗೈಯಿಂದ ಮುಟ್ಟಿ ನೋಡಿ ನಮಗೆ ನೀರು ಕೊಡುತ್ತಿದ್ದರಲ್ಲ, ಅದೇ ಪರೀಕ್ಷೆ ಇದು.

ಊರಿನ ಗಡಿಗೆ ಬೇಯುವುದು ಹುಲ್ಲು, ಸೌದೆ, ಕುಳ್ಳಿನ ಆವಿಗೆಯಲ್ಲಿ, ಅಷ್ಟೇನೂ ಹೆಚ್ಚಲ್ಲದ ಶಾಖದಲ್ಲಿ. ಮಣ್ಣಿನ ಕಣಕಣದಲ್ಲಿ ಸೇರಿಕೊಂಡಿರುವ ನೀರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಹೊರಟುಹೋಗಿರುತ್ತದೆ. ಅಲ್ಲಿಂದ ಮುಂದೆ ಆ ಮಣ್ಣು ಎಂದಿಗೂ ತಿರುಗಿ ಕೆಸರಾಗಲಾರದು, ಆದರೆ ಕಣಗಳ ನಡುವಿನ ಸಂದುಗಳು ಹಾಗೆಯೇ ಉಳಿಯುತ್ತವೆ. ಆ ಸಂದುಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗಿ, ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನನ್ನ ಲೋಟವನ್ನು ಎರಡು ಸಲ ಸುಟ್ಟರು. ಸುಮಾರು 1,000 ಡಿಗ್ರಿಯ ಮೊದಲ ಸುಡುವಿಕೆಯ ನಂತರ ಅದೂ ಗಡಿಗೆಯಂತೆ ನೀರು ಕುಡಿಯುತ್ತಿತ್ತು. ನೀರಿನಲ್ಲಿ ಕದಡಿದ ಗ್ಲೇಜ್‌ನಲ್ಲಿ, ಎಂದರೆ ಸುಟ್ಟಾಗ ಗಾಜಿನ ಹೊದಿಕೆಯಾಗುವ ಪುಡಿಯಲ್ಲಿ, ಅದ್ದಿದಾಗ ನೀರನ್ನು ಹೀರಿ ಪುಡಿಯನ್ನು ಮೈಗೆ ಅಂಟಿಸಿಕೊಂಡದ್ದು ಆ ಬಾಯಾರಿಕೆಯಿಂದಲೇ. ಎರಡನೆಯ ಸಲ 1,200 ಡಿಗ್ರಿಯನ್ನು ದಾಟಿದಾಗ ಗ್ಲೇಜ್ ಕರಗಿ ಗಾಜಾಯಿತು, ಮಣ್ಣಿನ ಒಂದು ಭಾಗವೂ ಕರಗಿ ಸಂದುಗಳು ಮುಚ್ಚಿಕೊಂಡವು. ಹೀಗಾಗಿ ಅದು ಸೋರುವುದಿಲ್ಲ, ಬೆವರುವುದಿಲ್ಲ, ತಣ್ಣಗೂ ಮಾಡುವುದಿಲ್ಲ. ನಿಮ್ಮ ಹೊಸ ಗಡಿಗೆ ಮೊದಲ ಬೇಸಿಗೆಯಲ್ಲಿ ತಂಪಾಗಿಸಿದಷ್ಟು ಎರಡನೆಯ ಬೇಸಿಗೆಯಲ್ಲಿ ತಂಪಾಗಿಸದಿರುವುದಕ್ಕೂ ಇದೇ ಕಾರಣ: ನಿಮ್ಮ ಕೊಳವೆಬಾವಿಯ ಗಡಸು ನೀರಿನ ಉಪ್ಪು ಆ ಸಂದುಗಳನ್ನು ಮುಚ್ಚುತ್ತದೆ. ಹೊರಮೈಯಲ್ಲಿ ಬಿಳಿಯಾಗಿ ಕಾಣುವುದು ಅದೇ.

ಒಂದು ಮಾತು ವಿಷಯಕ್ಕೆ ಸ್ವಲ್ಪ ಹೊರಗಿನದು. ಹೈಸ್ಕೂಲಿನಲ್ಲಿದ್ದಾಗ ನಾವು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನ ನೋಡಿ ಬಂದದ್ದು ನಿನಗೆ ನೆನಪಿದೆಯೇ? 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆಸಿದಾಗ ಸಿಕ್ಕ ಬೃಹತ್ ಶಿಲಾಯುಗದ ಮಡಕೆಗಳು ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಕೆಳಗಿನ ಹೊರಮೈ ಕೆಂಪು. ಬೋರಲು ಹಾಕಿ ಸುಟ್ಟು, ಗಾಳಿ ತಾಗದ ಕಡೆ ಕಪ್ಪಾಗಿಯೂ ತಾಗಿದ ಕಡೆ ಮಣ್ಣಿನ ಕಬ್ಬಿಣದಿಂದ ಕೆಂಪಾಗಿಯೂ ಬರುವಂತೆ ಮಾಡುತ್ತಿದ್ದರೆಂದು ವಿದ್ವಾಂಸರು ವಿವರಿಸುತ್ತಾರೆ. ಥರ್ಮಾಮೀಟರು, ಸ್ವಿಚ್ಚು ಎಲ್ಲ ಇಟ್ಟುಕೊಂಡೂ ನನ್ನ ಲೋಟಕ್ಕೆ ನಾನು ಬಯಸಿದ ನೀಲಿ ಬರಲಿಲ್ಲ. ಪಾಚಿಗಟ್ಟಿದ ಬಾವಿಯ ಬಣ್ಣ ಬಂದಿದೆ.

ನಿನಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಇನ್ನೊಂದು ಲೋಟವನ್ನು ಮೊದಲ ಸುಡುವಿಕೆಗೇ ನಿಲ್ಲಿಸಿ, ಗ್ಲೇಜ್ ಹಾಕದೆ ಎತ್ತಿಟ್ಟಿದ್ದೇನೆ. ಅಂಚು ಒಂದು ಕಡೆ ತಗ್ಗಾಗಿದೆ, ತಳ ಬೇಕಾದ್ದಕ್ಕಿಂತ ದಪ್ಪ, ತೂಕ ನಿನ್ನ ಹಿತ್ತಾಳೆ ಚೊಂಬಿನಷ್ಟಿದೆ. ಹಳೆಯ ಪಂಚೆಯಲ್ಲಿ ಸುತ್ತಿ, ಮುಂದಿನ ವಾರ ಊರಿಗೆ ಬರುವ ನಿನ್ನ ಮಗನ ಕೈಯಲ್ಲಿ ಕಳಿಸುತ್ತೇನೆ. ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಬಳಸು. ಕೆಳಗೆ ತಟ್ಟೆ ಇಡುವುದನ್ನು ಮಾತ್ರ ಮರೆಯಬೇಡ, ಸೋರುತ್ತದೆ. ಲೆಕ್ಕದ ಪುಸ್ತಕದ ಹತ್ತಿರವಂತೂ ಇಡಲೇಬೇಡ. ಸಂಜೆ ಗಾಳಿ ಬರುವ ಹೊತ್ತಿಗೆ ಜಗುಲಿಯ ಮೇಲೆ ಇಟ್ಟು, ಅಮ್ಮನ ಕೈಯಿಂದಲೇ ಮುಟ್ಟಿಸಿ ನೋಡಿ, ಅವರೇನು ಹೇಳಿದರೆಂದು ಫೋನು ಮಾಡು.

ಇಂತಿ ನಿನ್ನ
ಗೆಳೆಯ