ನಿಮ್ಮವರೇ ಚುಚ್ಚಿದ ವೈರ್‌ಗೆ ನನ್ನ ವಾರಂಟಿ ಯಾಕೆ ಹೋಗಬೇಕು?

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಸ್ಟ್ರೀಮಿಂಗ್ ಸ್ಟಿಕ್‌ಗೆ ವಾರಂಟಿ ಕೊಡದಿರುವುದು ಮತ್ತು ನಿಮ್ಮ ಸರ್ವಿಸ್ ಸೆಂಟರಿನಲ್ಲಿ ನನಗಾದ ಅವಮಾನ.

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮಗೆ ಇದುವರೆಗೆ ಆರು ಸಲ ಫೋನ್ ಮಾಡಿದ್ದೇನೆ. ಆರೂ ಸಲ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಕಾಲ್ ರೆಕಾರ್ಡ್ ಆಗುತ್ತದೆ ಅಂತ ನೀವೇ ಹೇಳುತ್ತೀರಲ್ಲ, ತೆಗೆದು ಕೇಳಿ. ಇನ್ನು ಫೋನ್ ಮಾಡುವುದಿಲ್ಲ.

ಜನವರಿಯಲ್ಲಿ 3,299 ರೂಪಾಯಿ ಕೊಟ್ಟು ನಿಮ್ಮ ಸ್ಟಿಕ್ ತೆಗೆದುಕೊಂಡೆ. ನಮ್ಮದು ಹಳೇ ಟಿವಿ, ಸ್ಮಾರ್ಟ್ ಅಲ್ಲ, ಸ್ಟಿಕ್ ಚುಚ್ಚಿದರೆ ಮಾತ್ರ ಇಂಟರ್ನೆಟ್ ವಿಡಿಯೊ ಬರುವುದು. ಅತ್ತೆಗೆ ಮಂಡಿ ನೋವು, ಹೊರಗೆ ಓಡಾಡುವುದಿಲ್ಲ. ಯೂಟ್ಯೂಬಿನಲ್ಲಿ ವಚನ, ಪ್ರವಚನ ಕೇಳಲಿ, ತಪ್ಪಿಹೋದ ಧಾರಾವಾಹಿ ನೋಡಲಿ ಅಂತ ತಂದಿದ್ದು. ಕೂಡಿಸಿಕೊಡಲು 250 ರೂಪಾಯಿ ಬೇರೆ ಕಟ್ಟಿಸಿಕೊಂಡು ನಿಮ್ಮ ಹುಡುಗನನ್ನೇ ಕಳಿಸಿದಿರಿ. ಗೋಡೆಗೆ ಹಾಕಿದ ಟಿವಿ. ಹಿಂದೆ ಇರುವುದು ಒಂದೇ ಸಾಕೆಟ್, ಅದರಲ್ಲಿ ಟಿವಿಯದೇ ಪ್ಲಗ್. ಅವನು ಸ್ಟಿಕ್ಕನ್ನು ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ, ಅದರ ಕರೆಂಟಿನ ವೈರಿನ ಇನ್ನೊಂದು ತುದಿಯನ್ನು ಟಿವಿಯ ಯುಎಸ್‌ಬಿಗೇ ಚುಚ್ಚಿದ. "ಅಡಾಪ್ಟರ್ ಬೇಡ್ವಾ ತಮ್ಮಾ?" ಅಂತ ನಾನೇ ಕೇಳಿದೆ. "ಬೇಡ ಆಂಟಿ, ಟಿವಿಯಿಂದಲೇ ಪವರ್ ಬರುತ್ತೆ. ಬಾಕ್ಸ್ ಮೇಲೆ ಚಿತ್ರ ನೋಡಿ" ಅಂದ. ನೋಡಿದೆ. ಡಬ್ಬದ ಹಿಂಬದಿಯ ಚಿತ್ರದಲ್ಲಿ ವೈರು ಟಿವಿಗೇ ಹೋಗಿದೆ. ಅಡಾಪ್ಟರು ಪ್ಲಾಸ್ಟಿಕ್ ಕೂಡ ಬಿಚ್ಚದೆ ಡಬ್ಬದ ಜೊತೆ ಅಟ್ಟ ಸೇರಿತು.

ಎರಡು ವಾರದಲ್ಲೇ ತೊಂದರೆ ಶುರುವಾಯಿತು. ನೋಡುತ್ತಾ ಇದ್ದಂತೆ ಪರದೆ ಕಪ್ಪಾಗುತ್ತಿತ್ತು, ಮತ್ತೆ ನಿಮ್ಮ ಕಂಪನಿಯ ಗುರುತು ಬರುತ್ತಿತ್ತು. ಅತ್ತೆ ತಾವೇ ಏನೋ ಒತ್ತಿಬಿಟ್ಟೆ ಅಂತ ಹೆದರಿ ರಿಮೋಟ್ ಮುಟ್ಟುವುದನ್ನೇ ಬಿಟ್ಟರು. ಒಂದೊಂದು ಸಲ ಇಂಗ್ಲಿಷಿನಲ್ಲಿ ಎರಡು ಸಾಲು ಬರುತ್ತಿತ್ತು. ಮೂರನೇ ಫೋನಿನಲ್ಲಿ ಆ ಸಾಲುಗಳನ್ನು ನಿಮ್ಮವರಿಗೆ ಅಕ್ಷರ ಅಕ್ಷರ ಓದಿ ಹೇಳಿದೆ. "ಓಕೆ ಒತ್ತಿ ಮೇಡಂ, ಹೋಗುತ್ತೆ" ಅಂದರು. ಒತ್ತಿದೆ. ಹೋಯಿತು. ವೈರು ಎಲ್ಲಿಗೆ ಕೊಟ್ಟಿದ್ದೀರಿ ಅಂತ ಆರು ಫೋನಿನಲ್ಲಿ ಒಬ್ಬರೂ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಅಪ್‌ಡೇಟ್ ಅಂತ ಬಂತು. ಅದು ಮುಗಿಯುವ ಮೊದಲೇ ಸ್ಟಿಕ್ ಆಫ್ ಆಯಿತು. ಆಮೇಲೆ ಗುರುತು ಬರುತ್ತದೆ, ಹೋಗುತ್ತದೆ, ಬರುತ್ತದೆ, ಅಷ್ಟೇ.

ಈಗ ನಿಮ್ಮ ಸರ್ವಿಸ್ ಸೆಂಟರಿನ ವಿಷಯ. ಇದನ್ನು ನೀವು ಪೂರ್ತಿ ಓದಬೇಕು.

ಸೋಮವಾರ ಬೆಳಿಗ್ಗೆ ಅಂಗಡಿ ಮುಚ್ಚಿ ಹೋದೆ. ಮದುವೆ ಸೀಸನ್, ಅರ್ಧ ದಿನ ಅಂದರೆ ನನಗೆ ಎರಡು ಬ್ಲೌಸ್. ಟೋಕನ್ 14. ಮುಕ್ಕಾಲು ಗಂಟೆ ಕೂತೆ. ಕೌಂಟರಿನಲ್ಲಿದ್ದ ಹುಡುಗ ಸ್ಟಿಕ್ಕನ್ನು ತಿರುಗಿಸಿಯೂ ನೋಡಲಿಲ್ಲ. "ಪವರ್ ಎಲ್ಲಿಂದ ಕೊಟ್ಟಿದ್ರಿ?" ಅಂದ. "ಟಿವಿಯಿಂದ" ಅಂದೆ. ಅವನು ಕುರ್ಚಿ ಹಿಂದಕ್ಕೆ ತಳ್ಳಿ, ಒಳಗಿದ್ದವನಿಗೆ ಕೂಗಿ ಹೇಳಿದ: "ನೋಡೋ, ಇವ್ರೂ ಟಿವಿಗೇ ಚುಚ್ಚಿದಾರೆ!" ಒಳಗಿಂದ ನಗು ಬಂತು. ನನ್ನ ಹಿಂದೆ ಏಳೆಂಟು ಜನ ಇದ್ದರು. ಅದರಲ್ಲಿ ಒಬ್ಬರು ನನ್ನ ಹತ್ತಿರವೇ ಬಟ್ಟೆ ಹೊಲಿಸುವವರು.

"ನಿಮ್ಮ ಹುಡುಗನೇ ಚುಚ್ಚಿದ್ದು ತಮ್ಮಾ" ಅಂದೆ. "ಯಾರೇ ಚುಚ್ಚಿರ್ಲಿ ಆಂಟಿ, ಇದು ಮಿಸ್‌ಯೂಸ್. ವಾರಂಟಿ ಬರಲ್ಲ." "ಡಬ್ಬದ ಮೇಲೆ ಚಿತ್ರ ಇದೆಯಲ್ಲಪ್ಪಾ?" "ಚಿತ್ರ ನೋಡ್ಬೇಡಿ, ಒಳಗಿನ ಪುಸ್ತಕ ಓದ್ಬೇಕು. ಅಡಾಪ್ಟರೇ ಹಾಕಿ ಅಂತ ಬರೆದಿದೆ. ಓದೋಕೆ ಬರಲ್ವಾ?" ನಾನು ಸುಮ್ಮನಾದೆ. ಅವನು ಬಿಡಲಿಲ್ಲ. "ಸ್ಮಾರ್ಟ್ ಡಿವೈಸ್ ಆಂಟಿ, ಸ್ಮಾರ್ಟಾಗಿ ಯೂಸ್ ಮಾಡ್ಬೇಕು" ಅಂದ. ಮತ್ತೆ ನಗು. ಚೀಟಿಯಲ್ಲಿ 'ಗ್ರಾಹಕರ ತಪ್ಪು ಬಳಕೆ' ಎಂಬ ಅರ್ಥದ ಇಂಗ್ಲಿಷ್ ಮಾತು ಬರೆದು ಮುಂದಕ್ಕೆ ತಳ್ಳಿದ. "ನೆಕ್ಸ್ಟ್" ಅಂದ. ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಯಾರ ಬ್ಲೌಸ್ ಬಿಗಿಯಾದರೂ ನೀವು ದಪ್ಪ ಆಗಿದ್ದೀರಿ ಅಂತ ಜನರ ಮುಂದೆ ಹೇಳಿ ಕಳಿಸಿಲ್ಲ. ಬಿಚ್ಚಿ ಹೊಲಿದು ಕೊಟ್ಟಿದ್ದೇನೆ.

ದಾರಿಯಲ್ಲಿ ಬರುವಾಗ ಅಳು ಬಂತು. ಆದರೆ ಒಂದು ಮಾತು ಕಿವಿಯಲ್ಲೇ ಉಳಿದಿತ್ತು. "ಇವ್ರೂ" ಅಂದ ಆ ಹುಡುಗ. ಇವ್ರೂ ಅಂದರೆ ನನಗಿಂತ ಮೊದಲು ಎಷ್ಟು ಜನ ಹೀಗೇ ವಾಪಸ್ ಹೋಗಿದ್ದಾರೆ? ಗೊತ್ತಿದ್ದೂ ಡಬ್ಬದ ಚಿತ್ರ ಯಾಕೆ ಬದಲಾಯಿಸಿಲ್ಲ? ಕೂಡಿಸುವ ಹುಡುಗರಿಗೆ ಯಾಕೆ ಹೇಳಿಲ್ಲ?

ಅವತ್ತೇ ರಾತ್ರಿ ಸ್ಟೂಲ್ ಹಾಕಿಕೊಂಡು ಟಿವಿ ಹಿಂದೆ ಏನಿದೆ ಅಂತ ನೋಡಿದೆ. ಗೋಡೆಗೂ ಟಿವಿಗೂ ನಾಲ್ಕು ಬೆರಳು ಜಾಗ. ಬ್ಲೌಸಿನ ಹಿಂಭಾಗ ತೋರಿಸುವ ಕೈಗನ್ನಡಿ ಹಿಡಿದೆ, ಅಕ್ಷರ ಉಲ್ಟಾ ಕಂಡವು. ಕೊನೆಗೆ ಮೊಬೈಲ್ ತೂರಿಸಿ ಫೋಟೊ ತೆಗೆದೆ. ಯುಎಸ್‌ಬಿ ಪಕ್ಕ '5ವಿ 500ಎಂಎ' ಅಂತಿದೆ, ಅಂದರೆ 5 ವೋಲ್ಟ್, 500 ಮಿಲಿಆಂಪ್. ಅಟ್ಟದಿಂದ ನಿಮ್ಮ ಅಡಾಪ್ಟರ್ ಇಳಿಸಿ ನೋಡಿದೆ. '5ವಿ 1ಎ', ಅಂದರೆ 5 ವೋಲ್ಟ್, 1 ಆಂಪ್ (1000 ಮಿಲಿಆಂಪ್). ಅಂದರೆ ಟಿವಿ ಕೊಡುವುದು ಎರಡೂವರೆ ವ್ಯಾಟ್, ನೀವು ಕೊಟ್ಟ ಅಡಾಪ್ಟರ್ ಕೊಡುವುದು ಐದು. ಸರಿಯಾಗಿ ಅರ್ಧ. ಪಕ್ಕದ ಮನೆಯ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹುಡುಗ ಬಿಡಿಸಿ ಹೇಳಿದ. ಹಳೇ ಯುಎಸ್‌ಬಿ 2.0 ಕಿಂಡಿಯ ಲೆಕ್ಕವೇ 500 ಮಿಲಿಆಂಪ್, 3.0 ಆದರೂ 900. ಸ್ಟಿಕ್ ಸುಮ್ನೆ ಇದ್ದಾಗ ಅಷ್ಟು ಸಾಕಾಗಬಹುದು. ವಿಡಿಯೊ ಓಡುವಾಗ, ವೈಫೈ ಎಳೆಯುವಾಗ ಜಾಸ್ತಿ ಬೇಕು. ಸಿಗದಿದ್ದರೆ ವೋಲ್ಟೇಜ್ ಕುಸಿದು ಆಫ್ ಆಗುತ್ತದೆ. ಜೀನ್ಸ್ ಮಡಿಕೆ ಬಂದಾಗ ನನ್ನ ಮೆಷಿನ್ನಿನ ಸಣ್ಣ ಮೋಟಾರು ನಿಂತುಹೋಗುವುದು ನನಗೆ ಗೊತ್ತು, ಹಾಗಾಗಿ ತಕ್ಷಣ ಅರ್ಥವಾಯಿತು. ಮೇಲಾಗಿ ನಮ್ಮ ಟಿವಿ ಆಫ್ ಮಾಡಿದರೆ ಯುಎಸ್‌ಬಿಯೂ ಆಫ್. ಅತ್ತೆ ಮಲಗಲು ಹೋದಾಗಲೆಲ್ಲ ಸ್ಟಿಕ್ಕಿನ ಕರೆಂಟು ಕಿತ್ತ ಹಾಗೇ ಆಗುತ್ತಿತ್ತು.

ಬ್ಲೌಸ್ ಹೊಲಿಯುವವಳಿಗೆ ಹತ್ತು ನಿಮಿಷದಲ್ಲಿ ಅರ್ಥವಾದದ್ದು ನಿಮ್ಮವರಿಗೆ ಆರು ಫೋನಿನಲ್ಲೂ ತಲೆಗೆ ಬರಲಿಲ್ಲವೇ? ವೈರು ಎಲ್ಲಿದೆ ಅಂತ ಮೊದಲ ದಿನವೇ ಕೇಳಿದ್ದರೆ ಒಂದು ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮುಗಿಯುತ್ತಿತ್ತು. ಆ ಪ್ರಶ್ನೆಯನ್ನು ನೀವು ರಿಪೇರಿ ಮಾಡುವುದಕ್ಕೆ ಕೇಳಲೇ ಇಲ್ಲ, ವಾರಂಟಿ ತಪ್ಪಿಸುವುದಕ್ಕೆ ಮಾತ್ರ ಕೇಳಿದಿರಿ.

ನಿಮ್ಮ ನಿಯಮ ನಿಮಗೆ ಗೊತ್ತೇ ಇದೆ. ಕಂಪನಿಯ ಹುಡುಗ ಕೂಡಿಸಿದ್ದರಲ್ಲಿ ತಪ್ಪಾದರೆ ಅದು ಕಂಪನಿಯ ತಪ್ಪು. ಅವನು ಸಹಿ ಮಾಡಿಕೊಟ್ಟ 250 ರೂಪಾಯಿಯ ರಸೀದಿ, ಡಬ್ಬದ ಚಿತ್ರದ ಫೋಟೊ, ಟಿವಿ ಹಿಂಬದಿಯ ಫೋಟೊ, ಸರ್ವಿಸ್ ಸೆಂಟರಿನ ಚೀಟಿ, ನಾಲ್ಕನ್ನೂ ಲಗತ್ತಿಸಿದ್ದೇನೆ.

ಹೋದ ವಾರ ಬರೆದಿದ್ದರೆ ಹೊಸ ಸ್ಟಿಕ್ ಕೊಡಿ ಸಾಕು ಅನ್ನುತ್ತಿದ್ದೆ. ಈಗ ಅಷ್ಟಕ್ಕೆ ಮುಗಿಯುವುದಿಲ್ಲ. 15 ದಿನದೊಳಗೆ 3,299 ಮತ್ತು 250 ರೂಪಾಯಿ ವಾಪಸ್ ಬರಬೇಕು. 'ಗ್ರಾಹಕರ ತಪ್ಪು' ಅಂತ ಬರೆದದ್ದನ್ನು ಹಿಂದಕ್ಕೆ ಪಡೆದು, ಕನ್ನಡದಲ್ಲಿ ಪತ್ರ ಕೊಡಬೇಕು.

ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಆಫೀಸು ಎಲ್ಲಿದ್ದರೂ ನಾನು ನನ್ನ ಊರಿನಲ್ಲೇ ಕೇಸು ಹಾಕಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ವಕೀಲರೂ ಬೇಕಿಲ್ಲ, ನಾನೇ ನಿಂತು ಮಾತಾಡುತ್ತೇನೆ. ಎರಡು ವರ್ಷದ ಗಡುವಿದೆ, ನನಗೆ ಅವಸರ ಇಲ್ಲ. ಡಬ್ಬದ ಚಿತ್ರದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬೇರೆಯೇ ದೂರು ಹೋಗುತ್ತದೆ. ನನ್ನ ಅಂಗಡಿಗೆ ದಿನಕ್ಕೆ ಇಪ್ಪತ್ತು ಹೆಂಗಸರು ಬರುತ್ತಾರೆ. ಅಳತೆ ತೆಗೆಯುವಾಗ ಒಬ್ಬೊಬ್ಬರಿಗೂ ಇದನ್ನು ಹೇಳುತ್ತಿದ್ದೇನೆ. ಇದೇ ಸ್ಟಿಕ್ ಟಿವಿಗೇ ಚುಚ್ಚಿರುವವರು ಆಗಲೇ ಇಬ್ಬರು ಸಿಕ್ಕಿದ್ದಾರೆ. ಅವರ ಮನೆಯಲ್ಲೂ ಕೂಡಿಸಿದ್ದು ನಿಮ್ಮ ಹುಡುಗನೇ. ಆಯೋಗಕ್ಕೆ ಬರುವಾಗ ಅವರನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ನೊಂದ ಗ್ರಾಹಕಿ
ದಾವಣಗೆರೆ